ಅಗ್ಗದ ಕಾಫಿ ಗ್ರೈಂಡರಿನಲ್ಲಿ ಎಸ್ಪ್ರೆಸೊ: ತಿದ್ದಬೇಕಾದ ದೋಷ ಯಾವುದು?

ಮನೆಯಲ್ಲಿಯೇ ಎಸ್ಪ್ರೆಸೊ ಇಳಿಸಬೇಕೆಂಬ ಅಭಿಲಾಷೆಯಿಂದ ಯಂತ್ರಕ್ಕೆ ಹಣ ವೆಚ್ಚಮಾಡಿ, ಮಿಕ್ಕ ಅಲ್ಪ ಮೊತ್ತದಲ್ಲಿ ಬೀಜ ಪುಡಿಮಾಡುವ ಗ್ರೈಂಡರೊಂದನ್ನು ತಂದವರೆಲ್ಲರೂ ಮೊದಲ ವಾರದಲ್ಲಿಯೇ ಒಂದು ಸಂಕಟಕ್ಕೆ ಸಿಲುಕುತ್ತಾರೆ. ಡಯಲನ್ನು ಅತ್ಯಂತ ನುಣುಪಿನ ಗುರುತಿಗೆ ತಂದಿಟ್ಟರೂ ಕಾಫಿಯು ಎಂಟು ಹತ್ತು ಸೆಕೆಂಡುಗಳಲ್ಲಿ ಸುರಿದುಹೋಗಿ, ತೆಳ್ಳಗೆ, ಹುಳಿಹುಳಿಯಾಗಿ ಲೋಟಕ್ಕೆ ಬೀಳುತ್ತದೆ; ಇಲ್ಲವೆ, ಒಂದು ಗುರುತಿನಲ್ಲಿ ಹೀಗೆ ಸುರಿಯುವ ಕಾಫಿ ಪಕ್ಕದ ಗುರುತಿಗೆ ತಿರುಗಿಸಿದೊಡನೆ ಕಟ್ಟಿಕೊಂಡು, ಪಂಪು ಎಷ್ಟು ಶ್ರಮಿಸಿದರೂ ತೊಟ್ಟುತೊಟ್ಟಾಗಿ ಕಹಿರಸ ಮಾತ್ರ ಜಿನುಗುತ್ತದೆ. ಇನ್ನೂ ಬೆಲೆಯುಳ್ಳ ಗ್ರೈಂಡರನ್ನು ಕೊಳ್ಳಿರೆಂಬ ಸಲಹೆ ಆಗ ಎಲ್ಲೆಡೆಯಿಂದಲೂ ಬರುತ್ತದೆ. ಆ ಸಲಹೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನಿಮ್ಮ ಗ್ರೈಂಡರಿನಲ್ಲಿರುವುದು ಯಾವ ದೋಷವೆಂಬುದನ್ನು ಶಾಂತಚಿತ್ತದಿಂದ ಪರೀಕ್ಷಿಸಿದಲ್ಲಿ, ಎಷ್ಟೋ ವೇಳೆ ಕೆಲವೇ ನೂರು ರೂಪಾಯಿಗಳ ವಾಷರು, ನಟ್ಟು ಅಥವಾ ಲೇತ್ ಕೆಲಸದಿಂದ ಅದನ್ನು ನಿವಾರಿಸಬಹುದೆಂದು ನಾನು ದೃಢವಾಗಿ ನಂಬಿದ್ದೇನೆ.

ಎಸ್ಪ್ರೆಸೊ ಯಂತ್ರದ ಚರಿತ್ರೆಯೆಂದರೆ ಒತ್ತಡದ ಚರಿತ್ರೆ. 1884ರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಇವರು ರೂಪಿಸಿದ ಯಂತ್ರಗಳು ಹಬೆಯ ಅಲ್ಪ ಒತ್ತಡವನ್ನೇ ನೆಚ್ಚಿದ್ದುವು. ಎರಡನೆಯ ಮಹಾಯುದ್ಧದ ತರುವಾಯ ಅಕಿಲ್ಲೆ ಗಾಜ್ಜಿಯಾ ಎಂಬಾತನು ಹಿಡಿಯನ್ನೆಳೆದು ಸ್ಪ್ರಿಂಗಿನ ಬಲದಿಂದ ನೀರನ್ನು ನೂಕುವ ಯಂತ್ರವನ್ನು ಪ್ರಚಾರಕ್ಕೆ ತಂದಮೇಲೆ ಒತ್ತಡವು ಸುಮಾರು 9 ಬಾರ್‌ಗೆ ಏರಿ, ಲೋಟದ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. ಅಂದಿನಿಂದ ಆ ಒತ್ತಡವನ್ನು ತಡೆದು ನಿಲ್ಲಿಸುವ ಹೊಣೆಯೆಲ್ಲವೂ ಪುಡಿಯ ಮೇಲೆ ಬಿದ್ದಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಬೆಳೆದ ರೊಬಸ್ಟಾ ಹಡಗೇರಿ ಇಟಲಿಯ ಎಸ್ಪ್ರೆಸೊ ಮಿಶ್ರಣಗಳನ್ನು ಸೇರುತ್ತ ಬಂದಿರುವಾಗ, ಅದೇ ಬೀಜವನ್ನು ನಮ್ಮ ಅಡುಗೆಮನೆಯಲ್ಲಿ ಅದೇ ರೀತಿ ಇಳಿಸಿಕೊಳ್ಳಬೇಕೆಂಬ ಆಸೆ ನ್ಯಾಯವಾದುದೇ.

ಕಾರಣವನ್ನು ಮೊದಲು ತಿಳಿಯಿರಿ

ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಇಳಿಯುವುದರಿಂದ ಪುಡಿ ತುಸು ತರಿಯಾಗಿದ್ದರೂ ನುಣುಪಾಗಿದ್ದರೂ ಡಿಕಾಕ್ಷನ್ ಹೇಗೋ ಸಿದ್ಧವಾಗುತ್ತದೆ. ಕಾಲ ಸ್ವಲ್ಪ ಹೆಚ್ಚುಕಡಮೆಯಾದೀತು, ಅಷ್ಟೆ. ಎಸ್ಪ್ರೆಸೊದಲ್ಲಿ ಈ ಔದಾರ್ಯವಿಲ್ಲ. 18 ಗ್ರಾಂ ಪುಡಿಯ ತೆಳುವಾದ ಹಾಸಿನ ಮೂಲಕ 9 ಬಾರ್ ಒತ್ತಡದ ನೀರು ಹಾದು, 25ರಿಂದ 30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಪಾನೀಯವಾಗಿ ಹೊರಬರಬೇಕು. ಕಣಗಳ ಹಾಸಿನಲ್ಲಿ ದ್ರವವು ಹರಿಯುವ ವೇಗವು ಕಣದ ವ್ಯಾಸವನ್ನಲ್ಲ, ಆ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬುದು ಭೌತಶಾಸ್ತ್ರದ ನಿಯಮ. ಕಣದ ಗಾತ್ರ ಶೇಕಡ 10ರಷ್ಟು ಕುಗ್ಗಿತೆನ್ನಿ. ಹರಿವು ಶೇಕಡ 19ರಷ್ಟು ಕುಗ್ಗಿ, 25 ಸೆಕೆಂಡಿನಲ್ಲಿ ಇಳಿಯುತ್ತಿದ್ದ ಕಾಫಿ 31 ಸೆಕೆಂಡು ತೆಗೆದುಕೊಳ್ಳುತ್ತದೆ. ಎಸ್ಪ್ರೆಸೊ ಪುಡಿಯ ಕಣ ಸುಮಾರು 300 ಮೈಕ್ರಾನ್ ಎಂದಿಟ್ಟುಕೊಂಡರೆ ಶೇಕಡ 10 ಎಂಬುದು 30 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಮೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಬೇಕೆಂದಾಗ ಬೇಕಾದಷ್ಟೇ ಮಾಡಬಲ್ಲ ಶಕ್ತಿಯೇ ಎಸ್ಪ್ರೆಸೊ ಗ್ರೈಂಡರಿನ ಗುಣ. ನುಣ್ಣಗೆ ಅರೆಯುವುದು ಅದರ ಒಂದಂಶ ಮಾತ್ರ.

ಆದುದರಿಂದ ಅಗ್ಗದ ಗ್ರೈಂಡರಿನ ದೋಷಗಳು ಮೂರು ಬಗೆ. ಬೇಕಾದ ನುಣುಪಿನವರೆಗೆ ಅದು ತಲಪದಿರಬಹುದು. ತಲಪಿದರೂ ಒಂದು ಗುರುತಿಗೂ ಇನ್ನೊಂದಕ್ಕೂ ನಡುವಣ ಹೆಜ್ಜೆ ಅತಿ ದೊಡ್ಡದಾಗಿರಬಹುದು. ಇವೆರಡೂ ಸರಿಯಿದ್ದು, ತಿರುಗುವ ಭಾಗ ಅಲುಗಾಡುವುದರಿಂದ ಒಂದೇ ಪುಡಿಯಲ್ಲಿ ಹಿಟ್ಟೂ ತರಿಯೂ ಬೆರೆತಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಹೆಜ್ಜೆ ದೊಡ್ಡದೆಂಬ ದೋಷಕ್ಕೆ ವಾಷರು ಹಾಕಿದರೆ ಫಲವಿಲ್ಲ. ಅಲುಗಾಟಕ್ಕೆ ಡಯಲನ್ನು ಬಿಗಿದರೆ ಹಲ್ಲುಗಳು ಕೆಡುತ್ತವೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮಿಕ್ಸಿಯ ಚಟ್ನಿ ಜಾರ್ ಆಗಲಿ, ಬ್ಲೇಡು ಸುತ್ತುವ ಸಣ್ಣ ಗ್ರೈಂಡರಾಗಲಿ ಯಾವ ಮಾರ್ಪಾಟಿನಿಂದಲೂ ಈ ಕೆಲಸಕ್ಕೆ ಒದಗವು. ಬ್ಲೇಡು ಬೀಜವನ್ನು ಸಿಕ್ಕಸಿಕ್ಕಲ್ಲಿ ಬಡಿದು ಒಡೆಯುತ್ತದೆ. ಕಣದ ಗಾತ್ರವನ್ನು ನಿಯಮಿಸುವ ಅಂತರವೆಂಬುದೇ ಅಲ್ಲಿಲ್ಲ. ಎರಡು ಹಲ್ಲುಳ್ಳ ಬರ್‌ಗಳ, ಎಂದರೆ ಒಳಗಿನ ಶಂಕು ಮತ್ತು ಹೊರಗಿನ ಉಂಗುರಗಳ, ನಡುವೆ ಬೀಜ ಹಾದು ಪುಡಿಯಾಗುವ ಗ್ರೈಂಡರು ನಿಮ್ಮಲ್ಲಿದ್ದರೆ ಮಾತ್ರ ಮುಂದೆ ಓದಿರಿ.

ಬಿಚ್ಚುವ ಮುನ್ನ

ಗ್ರೈಂಡರಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಬಹಳಷ್ಟು ಬೀಜಕ್ಕೆ ಸೇರಿದುವು. ಹುರಿದು ಎರಡು ಮೂರು ತಿಂಗಳು ಕಳೆದ ಬೀಜವನ್ನು ಎಷ್ಟೇ ನುಣ್ಣಗೆ ಅರೆದರೂ ಕಾಫಿ ಸರ್ರನೆ ಇಳಿದುಹೋಗುತ್ತದೆ. ಹುರಿದ ದಿನಾಂಕ ಅಚ್ಚಾಗಿರುವ, ಅಲ್ಲಿಂದ ಒಂದು ವಾರದಿಂದ ಮೂರು ವಾರದೊಳಗಿನ ಬೀಜದಲ್ಲಿಯೇ ಪರೀಕ್ಷೆ ನಡೆಸತಕ್ಕದ್ದು. ಎರಡನೆಯದಾಗಿ, ಪುಡಿ ತುಂಬುವ ಬುಟ್ಟಿಯ ತಳವನ್ನು ಬೆಳಕಿಗೆ ಹಿಡಿದು ನೋಡಿರಿ. ತಳದ ತುಂಬ ನೂರಾರು ರಂಧ್ರಗಳಿದ್ದರೆ ಅದು ಸಾಮಾನ್ಯ ಬುಟ್ಟಿ. ಹೊರತಳದಲ್ಲಿ ಒಂದೇ ಒಂದು ಸೂಜಿಮೊನೆಯಷ್ಟು ರಂಧ್ರವಿದ್ದರೆ ಅದು ಒತ್ತಡವನ್ನು ತಾನೇ ನಿರ್ಮಿಸಿಕೊಳ್ಳುವ ಇಮ್ಮಡಿ ಗೋಡೆಯ ಬುಟ್ಟಿ. ಅದರಲ್ಲಿ ತರಿಪುಡಿಯೂ ನೊರೆ ತರುತ್ತದೆ. ಇಮ್ಮಡಿ ಬುಟ್ಟಿಯ ಕಾಫಿಯಿಂದ ನಿಮಗೆ ತೃಪ್ತಿಯಿದ್ದಲ್ಲಿ ಗ್ರೈಂಡರನ್ನು ಮುಟ್ಟುವ ಅವಶ್ಯಕತೆಯೇ ಇಲ್ಲ.

0.1 ಗ್ರಾಂವರೆಗೆ ತೂಗುವ ಸಣ್ಣ ತಕ್ಕಡಿಯೊಂದು ಬೇಕು. ಅದಿಲ್ಲದೆ ಮುಂದಿನ ಯಾವ ತಿದ್ದುಪಡಿಯ ಗುಣಾವಗುಣವೂ ತಿಳಿಯದು.

ಇನ್ನು ದೋಷವನ್ನು ಗುರುತಿಸುವ ಬಗೆ. ಅತ್ಯಂತ ನುಣುಪಿನ ಗುರುತಿನಲ್ಲಿ ಅರೆದ ಚಿಟಿಕೆ ಪುಡಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ಬಿಡಿರಿ. ಚಿರೋಟಿ ರವೆಯ ಹಾಗೆ ಬಿಡಿಬಿಡಿಯಾಗಿ ಉದುರಿದರೆ ಗ್ರೈಂಡರು ಬೇಕಾದ ನುಣುಪನ್ನು ತಲಪಿಲ್ಲ. ಅದುಮಿದಾಗ ಅಂಟಿಕೊಂಡು ಬೆರಳಿನ ರೇಖೆಗಳ ಅಚ್ಚು ಅದರ ಮೇಲೆ ಮೂಡಿದರೆ ನುಣುಪಿಗೆ ಕೊರತೆಯಿಲ್ಲ. ನುಣುಪಿದ್ದೂ ಒಂದು ಗುರುತಿನಲ್ಲಿ 15 ಸೆಕೆಂಡು, ಪಕ್ಕದ ಗುರುತಿನಲ್ಲಿ 50 ಸೆಕೆಂಡು ಆಗುತ್ತಿದ್ದರೆ ಹೆಜ್ಜೆ ದೊಡ್ಡದೆಂದು ತಿಳಿಯಬೇಕು. ಒಂದೇ ಗುರುತಿನಲ್ಲಿ, ಒಂದೇ ತೂಕದಲ್ಲಿ, ಇಂದು 20 ಸೆಕೆಂಡು ನಾಳೆ 35 ಸೆಕೆಂಡು ಎಂದಾಗುತ್ತಿದ್ದರೆ ಅಲುಗಾಟವನ್ನು ಶಂಕಿಸಿರಿ.

ನುಣುಪು ತಲಪದಿದ್ದರೆ

ಟೇಬಲ್ ಮೇಲಿಡುವ ವಿದ್ಯುತ್ ಗ್ರೈಂಡರುಗಳ ಪೈಕಿ ಬಹಳಷ್ಟರಲ್ಲಿ ಶಂಕುವು ಮೋಟಾರಿನ ಶಾಫ್ಟಿನ ಮೇಲೆ ಕುಳಿತು ತಿರುಗುತ್ತದೆ. ಉಂಗುರವು ಡಯಲಿನೊಡನೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಉಂಗುರ ಕೆಳಗಿಳಿದಷ್ಟೂ ಅಂತರ ಕಿರಿದಾಗುತ್ತದೆ. ಹಲ್ಲಿಗೆ ಹಲ್ಲು ತಾಗಿ ಕೆಡದಿರಲೆಂದು ತಯಾರಕರು ಡಯಲಿಗೊಂದು ತಡೆಯನ್ನು ಇಟ್ಟಿರುತ್ತಾರೆ. ಅಗ್ಗದ ಯಂತ್ರಗಳಲ್ಲಿ ಬಿಡಿಭಾಗಗಳ ಅಳತೆ ಒಂದಿಷ್ಟು ಆಚೀಚೆಯಾಗುವುದರಿಂದ ಆ ತಡೆಯನ್ನು ಬಹಳ ಮುಂಚಿತವಾಗಿಯೇ ನಿಲ್ಲಿಸುವುದುಂಟು. ಕೊರತೆ ಅಷ್ಟೇ ಆಗಿದ್ದಲ್ಲಿ, ಶಂಕುವನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಇಡೀ ಡಯಲಿನ ವ್ಯಾಪ್ತಿಯೇ ನುಣುಪಿನ ಕಡೆಗೆ ಸರಿಯುತ್ತದೆ.

1. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿರಿ. ಸ್ವಿಚ್ ಆರಿಸಿದರೆ ಸಾಲದು. ಇದು 230 ವೋಲ್ಟಿನ ಯಂತ್ರ.

2. ಬೀಜದ ಡಬ್ಬಿಯನ್ನು ಖಾಲಿಮಾಡಿ ತೆಗೆದು, ಉಂಗುರವನ್ನು ಎತ್ತಿ, ಒಣ ಬ್ರಷ್ಷಿನಿಂದ ಒಳಭಾಗವನ್ನೆಲ್ಲ ಗುಡಿಸಿರಿ. ಉಂಗುರ ಕೂರುವ ಅಂಚಿನಲ್ಲಿ ಹಳೆಯ ಪುಡಿ ಹೆಪ್ಪುಗಟ್ಟಿದ್ದರೆ ಅದೊಂದರಿಂದಲೇ ಅಂತರ ಹೆಚ್ಚಿರುತ್ತದೆ. ಎಷ್ಟೋ ಯಂತ್ರಗಳ ರೋಗ ಈ ಹಂತದಲ್ಲಿಯೇ ಗುಣವಾಗುತ್ತದೆ.

3. ಯಂತ್ರದೊಡನೆ ಬಂದ ಪುಸ್ತಿಕೆಯನ್ನು ನೋಡಿರಿ. ಡಯಲಿನ ಶೂನ್ಯವನ್ನು ಸರಿಸುವ ತಿರುಪನ್ನು ತಯಾರಕರೇ ಒದಗಿಸಿದ್ದರೆ ಅದನ್ನು ಬಳಸತಕ್ಕದ್ದು. ವಾಷರಿನ ಮಾತೇ ಬೇಡ.

4. ಅಂತಹ ತಿರುಪು ಇಲ್ಲದಿದ್ದಲ್ಲಿ ಶಂಕುವನ್ನು ಹಿಡಿದಿರುವ ನಟ್ಟನ್ನು ಬಿಚ್ಚಬೇಕು. ಕೆಲವು ಯಂತ್ರಗಳಲ್ಲಿ ಈ ನಟ್ಟು ಎಡಮುರಿಯಾಗಿರುತ್ತದೆ. ಬಲವಂತ ಮಾಡುವ ಮುನ್ನ ಥ್ರೆಡ್ ಯಾವ ಕಡೆಗೆ ಓಡುತ್ತದೆಂಬುದನ್ನು ನೋಡಿಕೊಳ್ಳಿರಿ.

5. ಶಾಫ್ಟಿನ ವ್ಯಾಸಕ್ಕೆ ಸರಿಹೊಂದುವ, 0.1 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲಿನ ವಾಷರೊಂದನ್ನು ಶಂಕುವಿನ ಅಡಿಯಲ್ಲಿ ಇಟ್ಟು ಮತ್ತೆ ಜೋಡಿಸಿರಿ. ಸಾಲದಿದ್ದರೆ ಇನ್ನೊಂದು. ಒಮ್ಮೆಗೇ ಅರ್ಧ ಮಿಲಿಮೀಟರಿಗೆ ಹಾರುವುದು ಕೂಡದು.

6. ಡಯಲನ್ನು ತರಿಯ ಕೊನೆಗೆ ತಿರುಗಿಸಿ, ಬೀಜ ಹಾಕದೆ ಯಂತ್ರವನ್ನು ಓಡಿಸಿ, ಒಂದೊಂದೇ ಗುರುತಾಗಿ ನುಣುಪಿನತ್ತ ಬನ್ನಿರಿ. ಮೋಟಾರಿನ ಸಮಧ್ವನಿಯ ನಡುವೆ ಲೋಹಕ್ಕೆ ಲೋಹ ತಾಗುವ ಕಿರಿದಾದ ಕಿಚಕಿಚ ಸದ್ದು ಮೊದಲ ಸಲ ಕೇಳಿದ ಕ್ಷಣವೇ ನಿಂತು, ಅಲ್ಲಿಂದ ಎರಡು ಗುರುತು ಹಿಂದಕ್ಕೆ ಬರತಕ್ಕದ್ದು. ಅದೇ ನಿಮ್ಮ ಹೊಸ ಗಡಿ.

ಡಬ್ಬಿ ಕೂತಿದೆಯೇ ಇಲ್ಲವೇ ಎಂದು ಪರೀಕ್ಷಿಸುವ ಸುರಕ್ಷತೆಯ ಸ್ವಿಚ್ಚನ್ನು ಟೇಪು ಸುತ್ತಿ ಸದಾ ಒತ್ತಿಟ್ಟುಬಿಡುವುದನ್ನು ಕೆಲವರು ಸುಲಭೋಪಾಯವೆಂದು ಭಾವಿಸುತ್ತಾರೆ. ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ, ಅದನ್ನು ಎಂದಿಗೂ ಮಾಡಬೇಡಿರಿ. ಯಂತ್ರವನ್ನು ಬಿಚ್ಚಿದ ಮೇಲೆ ವಾರಂಟಿ ಉಳಿಯದಿರಬಹುದೆಂಬುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹೆಜ್ಜೆ ದೊಡ್ಡದಾಗಿದ್ದರೆ

ಅತ್ಯಂತ ಸಾಮಾನ್ಯವಾದ ದೋಷವಿದು. ತಯಾರಕರೇ ಇದನ್ನು ಒಪ್ಪಿಕೊಂಡಿರುವುದಕ್ಕೆ ನಿದರ್ಶನಗಳುಂಟು. ಬರಾಟ್ಜಾ ಕಂಪೆನಿಯ ಎನ್‌ಕೋರ್ ಎಂಬ ಗ್ರೈಂಡರಿನಲ್ಲಿ 40 ಮಿಲಿಮೀಟರಿನ ಶಂಕುವೂ 40 ಗುರುತುಗಳೂ ಇವೆ. ಫಿಲ್ಟರ್ ಬಗೆಯ ಕಾಫಿಗಳಿಗೆ ಅದು ಹೇಳಿಮಾಡಿಸಿದ್ದು. ಅದೇ ಕಂಪೆನಿ ಮುಂದೆ ಎಸ್ಪ್ರೆಸೊಗೆಂದು ಎನ್‌ಕೋರ್ ಇಎಸ್‌ಪಿಯನ್ನು ತಂದಾಗ ಗುರುತುಗಳನ್ನು 40ಕ್ಕೇ ನಿಲ್ಲಿಸಿ, ಮೊದಲ 20ನ್ನು ಸೂಕ್ಷ್ಮವಾದ ಸಣ್ಣ ಹೆಜ್ಜೆಗಳನ್ನಾಗಿ ಮಾಡಿತು. ಕೈಯಿಂದ ತಿರುಗಿಸುವ ಗ್ರೈಂಡರುಗಳಲ್ಲಿ ಹೆಸರಾದ ಜರ್ಮನಿಯ ಕಮಾಂಡಾಂಟೆ ಸಿ40ರಲ್ಲಿ ಒಂದು ಕ್ಲಿಕ್ಕಿಗೆ 30 ಮೈಕ್ರಾನ್ ಸರಿಯುತ್ತದೆ. ಅದರ ತಯಾರಕರೇ ಬೇರೆಯಾಗಿ ಮಾರುವ ರೆಡ್ ಕ್ಲಿಕ್ಸ್ ಎಂಬ ಶಾಫ್ಟನ್ನು ಹಾಕಿದರೆ 15 ಮೈಕ್ರಾನ್. ಹಲ್ಲುಗಳನ್ನು ಮುಟ್ಟದೆ ಹೆಜ್ಜೆಯನ್ನು ಮಾತ್ರ ಅರ್ಧಕ್ಕಿಳಿಸಿದರೆ ಫಲ ದೊರೆಯುವುದೆಂಬುದು ಇದರಿಂದ ಸ್ಪಷ್ಟ.

ನಿಮ್ಮ ಕೈಗ್ರೈಂಡರಿನ ಹೆಜ್ಜೆಯನ್ನು ನೀವೇ ಲೆಕ್ಕಹಾಕಬಹುದು. ಶಾಫ್ಟಿನ ಥ್ರೆಡ್‌ನಲ್ಲಿ ಹತ್ತು ಸುತ್ತಿನ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಿ, ಅದನ್ನು ಒಂದು ಸುತ್ತಿನ ಕ್ಲಿಕ್ಕುಗಳಿಂದ ಮತ್ತೆ ಭಾಗಿಸಿರಿ. ಒಂದು ಸುತ್ತಿಗೆ 1 ಮಿಲಿಮೀಟರ್, ಸುತ್ತಿಗೆ 20 ಕ್ಲಿಕ್ಕು ಎಂದಾದರೆ ಕ್ಲಿಕ್ಕೊಂದಕ್ಕೆ 50 ಮೈಕ್ರಾನ್ ಆಯಿತು. ಶಂಕುವಿನ ಪಾರ್ಶ್ವ ಓರೆಯಾಗಿರುವುದರಿಂದ ಅದರಲ್ಲಿ ಒಂದಂಶ ಮಾತ್ರವೇ ಅಂತರವಾಗಿ ಪರಿಣಮಿಸುತ್ತದೆ. ಆದರೂ ಎಸ್ಪ್ರೆಸೊಗೆ ಅದು ದೊಡ್ಡ ಹೆಜ್ಜೆಯೇ.

ಇದಕ್ಕೆ ಮೊದಲನೆಯ ಪರಿಹಾರಕ್ಕೆ ಕಾಸಿನ ಖರ್ಚೂ ಇಲ್ಲ. ಹಾಸಿನ ದಪ್ಪ ಹೆಚ್ಚಿದಂತೆ ನೀರಿಗೆ ತಡೆ ಹೆಚ್ಚುವುದರಿಂದ, ಎರಡು ಗುರುತುಗಳ ನಡುವಣ ಸ್ಥಾನವನ್ನು ಪುಡಿಯ ತೂಕದಿಂದಲೇ ಸಾಧಿಸಬಹುದು. ತುಸು ವೇಗವಾಗಿ ಇಳಿಯುವ ಗುರುತಿನಲ್ಲಿಯೇ ನಿಂತು 18 ಗ್ರಾಂ ಬದಲು 18.5, ಅನಂತರ 19 ಗ್ರಾಂ ಹಾಕಿ ನೋಡಿರಿ. ಬುಟ್ಟಿಯ ಅಳತೆ ಮೀರದಿರಲಿ. ಇದರಿಂದಲೇ ಕೆಲಸವಾದಲ್ಲಿ ಉಪಕರಣವನ್ನು ಬಿಚ್ಚುವುದು ವ್ಯರ್ಥಶ್ರಮ.

ಆಗದಿದ್ದಲ್ಲಿ, ಕ್ಲಿಕ್ಕನ್ನೇ ತೆಗೆದುಹಾಕಿ ಅಂತರವನ್ನು ಎಲ್ಲೆಂದರಲ್ಲಿ ನಿಲ್ಲುವಂತೆ ಮಾಡುವುದು ಎರಡನೆಯ ಪರಿಹಾರ. ಹಿಡಿಯ ಕೆಳಗೆ ನಟ್ಟೂ ಅದನ್ನು ಕಚ್ಚಿ ಹಿಡಿಯುವ ಲಾಕ್ ತಟ್ಟೆಯೂ ಇರುವ ಗ್ರೈಂಡರುಗಳಲ್ಲಿ ತಟ್ಟೆಯನ್ನು ಬಿಟ್ಟು, ಅದರ ಸ್ಥಾನದಲ್ಲಿ ತೆಳುವಾದ ಇನ್ನೊಂದು ನಟ್ಟನ್ನು ಮೊದಲನೆಯದಕ್ಕೆ ಎದುರಾಗಿ ಬಿಗಿದರೆ, ಎರಡೂ ಒಂದನ್ನೊಂದು ಒತ್ತಿಕೊಂಡು ಜಾರದೆ ನಿಲ್ಲುತ್ತವೆ. ನಟ್ಟಿನ ಅಳತೆಯನ್ನು ಊಹಿಸದೆ ಶಾಫ್ಟನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಹೊಂದಿಸಿರಿ. ಹಿಡಿಯನ್ನು ಬಿಗಿಯಲು ಮೇಲೆ ಸಾಕಷ್ಟು ಥ್ರೆಡ್ ಉಳಿಯುವುದೇ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಿರಿ. ವಿದ್ಯುತ್ ಗ್ರೈಂಡರುಗಳಲ್ಲಿ, ಥ್ರೆಡ್ ಇರುವ ಕಾಲರು ತಿರುಗಿ ಸ್ಪ್ರಿಂಗಿನ ಪಿನ್ನೊಂದು ಗುಳಿಗೆ ಬೀಳುವ ಏರ್ಪಾಡಿದ್ದರೆ, ಆ ಪಿನ್ನನ್ನು ತೆಗೆದು, ಕಾಲರಿನ ಥ್ರೆಡ್‌ಗೆ ಪ್ಲಂಬರುಗಳು ಬಳಸುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತುತ್ತಾರೆ. ಕಂಪನದಿಂದ ಕಾಲರು ತಾನೇ ತಿರುಗದಂತೆ ಅದು ತಡೆಯುತ್ತದೆ. ರಾಂಚಿಲಿಯೊ ರಾಕಿ ಗ್ರೈಂಡರನ್ನುಳ್ಳವರು ಬಹುಕಾಲದಿಂದ ಮಾಡುತ್ತ ಬಂದ ತಿದ್ದುಪಡಿಯಿದು. ಟೇಪಿನ ಚೂರು ಪುಡಿಯ ಹಾದಿಗೆ ಬೀಳುವಂತಿದ್ದರೆ ಮಾತ್ರ ಈ ಉಪಾಯವನ್ನು ಕೈಬಿಡಬೇಕು.

ಶಾಫ್ಟು ಅಲುಗಾಡಿದರೆ

ಮೂರು ದೋಷಗಳಲ್ಲಿ ಗಹನವಾದುದು ಇದೇ. ಜಪಾನಿನ ಹಾರಿಯೊ ಕಂಪೆನಿಯ ಸ್ಕೆರ್ಟನ್ ಎಂಬ ಕೈಗ್ರೈಂಡರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಿಂಗಾಣಿಯ ಬರ್‌ಗಳುಳ್ಳ ಈ ಗ್ರೈಂಡರಿನ ಮೂಲರೂಪದಲ್ಲಿ ಶಾಫ್ಟಿಗೆ ಆಧಾರವಿದ್ದುದು ಮೇಲ್ಭಾಗದಲ್ಲಿ ಮಾತ್ರ. ಕೆಳತುದಿಯಲ್ಲಿ ಶಂಕುವು ತೂಗಾಡುತ್ತ, ಹಿಡಿಯನ್ನು ತಿರುಗಿಸಿದಂತೆ ಒಂದು ಪಾರ್ಶ್ವದಲ್ಲಿ ಉಂಗುರಕ್ಕೆ ಸಮೀಪಿಸಿ ಅದೇ ಕ್ಷಣದಲ್ಲಿ ಎದುರು ಪಾರ್ಶ್ವದಲ್ಲಿ ದೂರಸರಿಯುತ್ತಿತ್ತು. ಆದಕಾರಣ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ತರಿ. ಹಿಟ್ಟು ಬುಟ್ಟಿಯ ರಂಧ್ರಗಳನ್ನು ಮುಚ್ಚಿದರೆ, ತರಿಯಿರುವೆಡೆ ನೀರು ದಾರಿ ಕೊರೆದುಕೊಂಡು ನುಗ್ಗುತ್ತದೆ. ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ತೋರುವುದು ಇದರಿಂದಲೇ. ಕೆಳಗೊಂದು ಆಧಾರದ ತಟ್ಟೆಯನ್ನು ಜೋಡಿಸಿ ಈ ಕೊರತೆಯನ್ನು ನೀಗುವ ಬಿಡಿಭಾಗಗಳನ್ನು ಇತರರು ಮಾಡಿ ಮಾರಿದರು. ಕಂಪೆನಿಯೂ ಮುಂದಿನ ಸ್ಕೆರ್ಟನ್ ಪ್ರೊ ಎಂಬ ಮಾದರಿಯಲ್ಲಿ ಶಾಫ್ಟಿನ ಹಿಡಿತವನ್ನು ಬಲಪಡಿಸಿತು.

ನಿಮ್ಮ ಗ್ರೈಂಡರನ್ನು ತಲೆಕೆಳಗಾಗಿ ಹಿಡಿದು, ಶಂಕುವನ್ನು ಎರಡು ಬೆರಳುಗಳಿಂದ ಪಕ್ಕಕ್ಕೆ ಅಲ್ಲಾಡಿಸಿ ನೋಡಿರಿ. ಕಣ್ಣಿಗೆ ಕಾಣುವಷ್ಟು ಚಲನೆಯಿದ್ದರೆ ಆಧಾರ ಸಾಲದು. ಉಕ್ಕಿನ ಬರ್‌ಗಳಾದರೆ ಇನ್ನೂ ನಿಖರವಾದ ಪರೀಕ್ಷೆಯುಂಟು: ಹೊರ ಉಂಗುರದ ಹಲ್ಲುಗಳ ಅಂಚಿಗೆ ವೈಟ್‌ಬೋರ್ಡ್ ಮಾರ್ಕರಿನಿಂದ ಸುತ್ತಲೂ ಬಣ್ಣ ಬಳಿದು, ಬೀಜವಿಲ್ಲದೆ, ತಾಗಿಯೂ ತಾಗದಂತಹ ಅಂತರದಲ್ಲಿ ಕೈಯಿಂದ ಮೆಲ್ಲಗೆ ಒಂದೆರಡು ಸುತ್ತು ತಿರುಗಿಸಿ ಬಿಚ್ಚಿರಿ. ಬಣ್ಣವು ಸುತ್ತಲೂ ಸಮನಾಗಿ ಒರಸಿಹೋಗಿದ್ದರೆ ಕೇಂದ್ರ ಸರಿಯಾಗಿದೆ. ಒಂದು ಪಾರ್ಶ್ವದಲ್ಲಿ ಲೋಹ ಹೊಳೆಯುತ್ತ, ಎದುರಿನಲ್ಲಿ ಬಣ್ಣ ಬಳಿದಂತೆಯೇ ಉಳಿದಿದ್ದರೆ ಓರೆಯಾಗಿದೆ. ಪರೀಕ್ಷೆಯ ಬಳಿಕ ಸ್ಪಿರಿಟ್ಟಿನಿಂದ ಒರಸಿ, ಒಂದು ಹಿಡಿ ಹಳೆಯ ಬೀಜವನ್ನು ಅರೆದು ಚೆಲ್ಲಿರಿ.

ತಯಾರಾದ ಬಿಡಿಭಾಗ ದೊರೆಯದಿದ್ದಲ್ಲಿ ಹತ್ತಿರದ ಲೇತ್ ಶಾಪಿಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲಿಯೂ ಪಂಪ್‌ಸೆಟ್ಟುಗಳ ಬುಶ್ ಕಡೆಯುವ ಟರ್ನರುಗಳಿರುತ್ತಾರೆ; ಶಾಫ್ಟನ್ನೂ ಗ್ರೈಂಡರಿನ ಕಂಠವನ್ನೂ ಅವರ ಕೈಗೆ ಕೊಟ್ಟು, ಶಾಫ್ಟು ಸಡಿಲವಿಲ್ಲದೆ, ಆದರೆ ಬಿಗಿಯದೆ ತಿರುಗುವಂತೆ ಬುಶ್ ಮಾಡಿಕೊಡಿರೆಂದು ಕೇಳಿದರೆ ಅವರಿಗೆ ಇದು ಅಪರಿಚಿತವಾದ ಕೆಲಸವಲ್ಲ. ಬುಶ್ಶಿಗೆ ಡೆಲ್ರಿನ್ ಎಂಬ ಪ್ಲಾಸ್ಟಿಕ್, ತಟ್ಟೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕೆಂದು ಸ್ಪಷ್ಟವಾಗಿ ಹೇಳಿರಿ. ಕಡೆಯಲು ಸುಲಭವೆಂದು ಹಿತ್ತಾಳೆಯನ್ನು ಸೂಚಿಸಿದರೆ ಒಪ್ಪಬೇಡಿರಿ. ಕಡೆಯುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸೀಸ ಬೆರೆತಿರುತ್ತದೆ. ಸಿದ್ಧವಾದ ಭಾಗವನ್ನು ಸೋಪುನೀರಿನಲ್ಲಿ ಉಜ್ಜಿ, ಎಣ್ಣೆಯ ಜಿಡ್ಡೂ ಲೋಹದ ಸಿಬಿರೂ ಉಳಿಯದಂತೆ ತೊಳೆದು, ಪೂರ್ತಿಯಾಗಿ ಒಣಗಿಸಿದ ಮೇಲೆಯೇ ಜೋಡಿಸತಕ್ಕದ್ದು.

ಸಾಮಾನ್ಯವಾದ ತಪ್ಪುಗಳು

ಮಿಕ್ಸಿಯ ಬ್ಲೇಡು ಹರಿತವಾಗಲೆಂದು ಕಲ್ಲುಪ್ಪು ಹಾಕಿ ತಿರುಗಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಕಾಫಿ ಗ್ರೈಂಡರಿಗೆ ಅದು ಸಲ್ಲದು. ಉಪ್ಪು ಉಕ್ಕನ್ನು ತಿನ್ನುತ್ತದೆ. ಶುಚಿಮಾಡಲೆಂದು ಅಕ್ಕಿ ಹಾಕುವುದೂ ಹಾನಿಕರ: ಹುರಿದ ಕಾಫಿಬೀಜ ಗರಿಗರಿಯಾಗಿ ಒಡೆಯುವಂಥದು, ಅಕ್ಕಿ ಅದಕ್ಕಿಂತ ಬಹಳ ಗಟ್ಟಿ, ಸಣ್ಣ ಮೋಟಾರು ಅದರಡಿ ಸಿಕ್ಕಿ ನಿಂತುಹೋಗಬಹುದು. ಬ್ರಷ್ಷಿಗಿಂತ ಉತ್ತಮವಾದ ಸಾಧನವಿಲ್ಲ.

ಮೋಟಾರು ನಿಂತಿರುವಾಗ ಡಯಲನ್ನು ನುಣುಪಿನ ಕಡೆಗೆ ತಿರುಗಿಸಬಾರದು. ನಡುವೆ ಸಿಕ್ಕಿದ ಚೂರುಗಳು ಹಲ್ಲುಗಳನ್ನೂ ಪ್ಲಾಸ್ಟಿಕ್ಕಿನ ಗೇರನ್ನೂ ಬಾಧಿಸುತ್ತವೆ. ಓಡುತ್ತಿರುವಾಗಲೇ ತಿರುಗಿಸಿರಿ. ನುಣುಪು ಹೆಚ್ಚಿದಷ್ಟೂ ಮೋಟಾರಿಗೆ ಭಾರ ಹೆಚ್ಚು. ಬೀಜವನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ, ಯಂತ್ರ ಬಿಸಿಯಾದರೆ ತಣಿಯಲು ಬಿಡುವುದು ಅವಶ್ಯ.

ಗುರುತು ಬದಲಿಸಿದ ಮೇಲೆ ಮೊದಲು ಹೊರಬೀಳುವ ಎರಡು ಮೂರು ಗ್ರಾಂ ಪುಡಿ ಹಳೆಯ ಗುರುತಿನದೇ. ಅದನ್ನು ಚೆಲ್ಲದೆ ಪರೀಕ್ಷಿಸಿದವರು ತಿದ್ದುಪಡಿ ಫಲಿಸಲಿಲ್ಲವೆಂದು ಭ್ರಮಿಸುತ್ತಾರೆ. ಒಮ್ಮೆಗೆ ಎರಡು ಮಾರ್ಪಾಟುಗಳನ್ನು ಮಾಡುವವರದೂ ಇದೇ ಪಾಡು: ಲಾಭ ಯಾವುದರಿಂದ, ಹಾನಿ ಯಾವುದರಿಂದ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಚಿಕೋರಿ ಬೆರೆತ ಪುಡಿಯನ್ನು ಅಂಗಡಿಯಿಂದ ತಂದು ಗ್ರೈಂಡರಿನಲ್ಲಿ ಇನ್ನಷ್ಟು ನುಣುಪು ಮಾಡಲು ಹೊರಡಬೇಡಿರಿ. ಚಿಕೋರಿ ಗಾಳಿಯ ತೇವವನ್ನು ಹೀರಿ ಅಂಟಾಗಿ ಹಲ್ಲುಗಳ ನಡುವೆ ಕಟ್ಟಿಕೊಳ್ಳುತ್ತದೆ.

ಪುಡಿ ಗೋಡೆಗಳಿಗೆ ಅಂಟಿಕೊಂಡು ಉಂಡೆಗಟ್ಟುವುದು ಘರ್ಷಣೆಯ ವಿದ್ಯುತ್ತಿನಿಂದ. ಅರೆಯುವ ಮುನ್ನ ಬೀಜಕ್ಕೆ ಒಂದೆರಡು ಹನಿ ನೀರನ್ನು ತಾಗಿಸಿ ಕಲಕಿದರೆ ಇದು ಬಹಳ ಮಟ್ಟಿಗೆ ತಗ್ಗುತ್ತದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನು ಸಮರ್ಥಿಸಿದೆ. ಹನಿ ಎಂದರೆ ಹನಿಯೇ. ಬೀಜ ಒದ್ದೆಯಾದರೆ ಉಕ್ಕಿನ ಹಲ್ಲುಗಳಿಗೆ ತುಕ್ಕು.

ತಿದ್ದುಪಡಿಯಾದ ಗ್ರೈಂಡರಿನಲ್ಲಿ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿದ ದಿನ, ಡಯಲಿನ ಸ್ಥಾನವನ್ನೂ ಬೀಜದ ಹೆಸರನ್ನೂ ಹುರಿದ ದಿನಾಂಕವನ್ನೂ ಬರೆದಿಡಿರಿ. ಆ ಸ್ಥಾನ ಶಾಶ್ವತವಲ್ಲ. ಜೂನಿನ ಮಳೆ ಹಿಡಿದು ಗಾಳಿಯಲ್ಲಿ ತೇವವೇರಿದಾಗ, ಬೀಜದ ಹೊಸ ಪೊಟ್ಟಣ ಒಡೆದಾಗ, ಅದೇ ಪೊಟ್ಟಣ ಹಳತಾಗುತ್ತ ಬಂದಾಗ ಅಷ್ಟಿಷ್ಟು ಸರಿಸಬೇಕಾಗುತ್ತದೆ. ಬೀಜ ಹೊಸದಿದ್ದು, ತೂಕ ಸರಿಯಿದ್ದು, ಹಲವು ತಿಂಗಳುಗಳಲ್ಲಿ ಒಂದೇ ದಿಕ್ಕಿಗೆ, ನುಣುಪಿನ ಕಡೆಗೇ, ಸರಿಸುತ್ತ ಬಂದಿದ್ದರೆ ಬರ್‌ಗಳ ಅಂಚು ಸವೆದಿದೆಯೆಂದರ್ಥ. ಆಗ ಇನ್ನೊಂದು ವಾಷರನ್ನು ಹುಡುಕದೆ ಹೊಸ ಬರ್‌ಗಳ ಜೋಡಿಯನ್ನು ತರಿಸಿಕೊಳ್ಳಿರಿ.